ಚೌಳಹಿರಿಯೂರಿನ ಹಾದಿಯ ಕಲ್ಲು, ವೇಲ್ಸ್ ನಾಡಿನ ಕಲ್ಲು: ಪುರಾತತ್ತ್ವ, ವಸ್ತುಸಂಗ್ರಹಾಲಯ ಮತ್ತು ಗುರುವಿನ ಹೊಣೆ

ಇಸ್ರಯೇಲರು ಜೋರ್ಡನ್ ನದಿಯನ್ನು ದಾಟಿದ ಮೇಲೆ ಅದರ ನಡುವಿನಿಂದ ಹನ್ನೆರಡು ಕಲ್ಲುಗಳನ್ನು ಹೊತ್ತು ತಂದು ಗಿಲ್ಗಾಲಿನಲ್ಲಿ ನಿಲ್ಲಿಸಿದ ಪ್ರಸಂಗವು ಯೆಹೋಶುವನ ಗ್ರಂಥದ ನಾಲ್ಕನೆಯ ಅಧ್ಯಾಯದಲ್ಲಿದೆ. ಆ ಕಲ್ಲುಗಳು ತಾವಾಗಿ ಏನನ್ನೂ ಹೇಳುವುದಿಲ್ಲ. ಮುಂದೊಂದು ದಿನ ಮಕ್ಕಳು ಅವುಗಳ ಅರ್ಥವೇನೆಂದು ಕೇಳುತ್ತಾರೆ, ಆಗ ಹಿರಿಯರು ನಡೆದುದನ್ನು ನಡೆದಂತೆ ಹೇಳಬೇಕು ಎಂಬುದು ಅಲ್ಲಿಯ ಆದೇಶ. ಒಂದು ಕಲ್ಲು, ಒಂದು ಪ್ರಶ್ನೆ, ಒಂದು ಉತ್ತರ. ಈ ಮೂರರಲ್ಲಿ ಒಂದು ತಪ್ಪಿದರೂ ಸ್ಮರಣೆಯ ಸರಪಳಿ ಕಡಿಯುತ್ತದೆ. ಇಂದು ವಸ್ತುಸಂಗ್ರಹಾಲಯಗಳಲ್ಲಿ ನಡೆಯುವ ಉಪನ್ಯಾಸಗಳು ಮಾಡುತ್ತಿರುವುದೂ ಇದನ್ನೇ.

ಕಡೂರು ತಾಲ್ಲೂಕಿನ ಚೌಳಹಿರಿಯೂರಿನ ಕಡೆಗೆ ಗ್ರಾಮಾನುಭವಕ್ಕೆಂದು ಗುರು ಅಭ್ಯರ್ಥಿಗಳೊಡನೆ ಹೋಗಿದ್ದಾಗ ಹೊಲದ ಬದುವಿನಲ್ಲಿ ಅರೆಹೂತಿದ್ದ ಒಂದು ವೀರಗಲ್ಲಿನ ಮುಂದೆ ನಾವೆಲ್ಲರೂ ನಿಂತೆವು. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಲಿಂಗದ ಮುಂದೆ ಕೈಮುಗಿದು ಕುಳಿತ ಅದೇ ವೀರ. ಯಾರೋ ಅರಿಸಿನ ಕುಂಕುಮ ಇಟ್ಟಿದ್ದರು. ವಿದ್ಯಾರ್ಥಿಯೊಬ್ಬರು ಮೆಲ್ಲಗೆ ಕೇಳಿದರು: “ಫಾದರ್, ನಾಳೆ ನಾವು ಇಂಥ ಊರಿಗೆ ಗುರುಗಳಾಗಿ ಬಂದರೆ ಈ ಕಲ್ಲಿನ ವಿಷಯದಲ್ಲಿ ನಮಗೇನಾದರೂ ಕೆಲಸವಿದೆಯೇ?” ಆಗ ಕೊಟ್ಟ ಉತ್ತರ ನಮಗೇ ಸಾಕೆನಿಸಲಿಲ್ಲ. ಈ ಲೇಖನವು ಆ ಪ್ರಶ್ನೆಗೆ ತಡವಾಗಿ ಬರೆದ ಉತ್ತರ. ಇದಕ್ಕಾಗಿ ಕಡೂರಿನ ಸೀಮೆಯಿಂದ ಹೊರಟು ದೂರದ ವೇಲ್ಸ್ ನಾಡಿನವರೆಗೆ ಹೋಗಿ ಹಿಂದಿರುಗಬೇಕಾಗಿದೆ. ಈ ಎರಡು ನಾಡುಗಳನ್ನು ಒಬ್ಬನೇ ಉತ್ಖನನಕಾರನ ಸಲಿಕೆ ಜೋಡಿಸಿದೆ ಎಂಬುದು ಮುಂದೆ ತಿಳಿಯುತ್ತದೆ.

1. ಕಡೂರು ಸೀಮೆಯ ಅಕ್ಷರಗಳು

ಚಿಕ್ಕಮಗಳೂರು ಎಂದೊಡನೆ ಕಾಫಿ ತೋಟವೂ ಮಲೆಯ ಮಂಜೂ ನೆನಪಿಗೆ ಬರುವುದು ವಾಡಿಕೆ. ಕಡೂರು, ಅಜ್ಜಂಪುರ, ಚೌಳಹಿರಿಯೂರುಗಳದು ಬೇರೆಯೇ ಮುಖ. ಅದು ಬಯಲುಸೀಮೆ. ಅಲ್ಲಿ ಕೆರೆಯೇ ಜೀವ, ರಾಗಿ ಮತ್ತು ತೆಂಗು ಬದುಕು. ವೇದಾವತಿಯ ನೀರು ಈ ಸೀಮೆಯನ್ನು ಹಾದು ಚಿತ್ರದುರ್ಗದ ಕಡೆಗೆ ಹರಿಯುತ್ತದೆ. ‘ಚೌಳು’ ಎಂದರೆ ಉಪ್ಪುಮಣ್ಣು, ‘ಹಿರಿಯೂರು’ ಎಂದರೆ ಹಿರಿದಾದ ಊರು ಎಂದು ಕನ್ನಡ ಬಲ್ಲ ಕಿವಿಗೆ ಆ ಹೆಸರೇ ಮಣ್ಣನ್ನೂ ಹಳಮೆಯನ್ನೂ ಒಟ್ಟಿಗೆ ನೆನಪಿಸುತ್ತದೆ. 1947ರವರೆಗೆ ಇಡೀ ಜಿಲ್ಲೆಗೆ ಕಡೂರು ಜಿಲ್ಲೆ ಎಂಬ ಹೆಸರಿತ್ತು. ಆದುದರಿಂದಲೇ ಬಿ. ಎಲ್. ರೈಸ್ ಅವರು 1901ರಲ್ಲಿ ಪ್ರಕಟಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಆರನೆಯ ಸಂಪುಟವು ಕಡೂರು ಜಿಲ್ಲೆಯ ಶಾಸನಗಳು ಎಂದೇ ಹೆಸರಾಗಿದೆ.

ರೈಸ್ ಅವರ ಹಿನ್ನೆಲೆ ನಮ್ಮ ಓದುಗರಿಗೆ ತಿಳಿದಿರಬೇಕು. ಬೆಂಜಮಿನ್ ಲೂಯಿಸ್ ರೈಸ್ 1837ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿದವರು. ತಂದೆ ರೆವರೆಂಡ್ ಬೆಂಜಮಿನ್ ರೈಸ್ ಲಂಡನ್ ಮಿಷನ್ನಿನ ಪ್ರಚಾರಕರು, ಕನ್ನಡ ಬೈಬಲಿನ ಪರಿಷ್ಕರಣದಲ್ಲಿ ದುಡಿದವರು. ಬೆಂಗಳೂರಿನ ಅವೆನ್ಯೂ ರಸ್ತೆಯ ರೈಸ್ ಸ್ಮಾರಕ ದೇವಾಲಯ ಅವರ ಹೆಸರನ್ನು ಉಳಿಸಿಕೊಂಡಿದೆ. ತಂದೆ ಕನ್ನಡದಲ್ಲಿ ದೇವರ ವಾಕ್ಯವನ್ನು ಇಡಲು ಶ್ರಮಿಸಿದರೆ, ಮಗ ಕನ್ನಡ ಕಲ್ಲುಗಳ ವಾಕ್ಯಗಳನ್ನು ಓದಲು ಜೀವ ತೇದರು. ಮೈಸೂರು ಸಂಸ್ಥಾನದ ವಿದ್ಯಾ ಇಲಾಖೆಯಲ್ಲಿ ದುಡಿದು, ಮುಂದೆ ಪುರಾತತ್ತ್ವ ಇಲಾಖೆಯ ಮುಖ್ಯರಾಗಿ 1906ರಲ್ಲಿ ನಿವೃತ್ತರಾಗುವ ವೇಳೆಗೆ ಅವರೂ ಅವರ ಪಂಡಿತ ಸಹಾಯಕರೂ ಊರೂರು ಸುತ್ತಿ ಕಲೆಹಾಕಿದ ಶಾಸನಗಳ ಸಂಖ್ಯೆ ಸುಮಾರು 9,000. ಇವುಗಳಲ್ಲಿ ಹೆಚ್ಚಿನವು ದೇವಸ್ಥಾನದ ಗೋಡೆ, ಕೆರೆಯ ಏರಿ, ಹೊಲದ ಬದು, ಕೋಟೆಯ ಬಾಗಿಲು ಇಂಥ ಕಡೆಗಳಲ್ಲಿ ಯಾರ ಕಣ್ಣಿಗೂ ಬೀಳದೆ ನಿಂತಿದ್ದವು.

ಆ ಸಂಪುಟದಲ್ಲಿ ಕಡೂರು ತಾಲ್ಲೂಕಿನ ಮೊದಲ ಶಾಸನವೇ ಗುರುಮಠದಲ್ಲಿ ತಪಸ್ಸಿನ ಇತಿಹಾಸವನ್ನು ಕಲಿಸುವವರ ಗಮನಕ್ಕೆ ಯೋಗ್ಯವಾದುದು. ಕಡೂರು ಕೋಟೆಯ ಕಂಬವೊಂದರ ಮೇಲಿನ ಆ ಬರಹವು ಪಾಂಬಬ್ಬೆ ಎಂಬ ಮಹಿಳೆಯನ್ನು ಕುರಿತದ್ದು. ಆಕೆ ಗಂಗ ದೊರೆ ಬೂತುಗನ ಅಕ್ಕ. ಅರಮನೆಯ ಸುಖವನ್ನು ಬಿಟ್ಟು, ಜೈನ ವಿಧಿಯಂತೆ ತಲೆಗೂದಲನ್ನು ಕಿತ್ತು, ಪಂಚವ್ರತಗಳನ್ನು ಪಾಲಿಸಿ, 30 ವರ್ಷ ತಪಸ್ಸು ಮಾಡಿ ಕ್ರಿ.ಶ. 971ರಲ್ಲಿ ಮುಡಿಪಿದಳೆಂದು ಶಾಸನ ಸಾರುತ್ತದೆ. ಪಶ್ಚಿಮದಲ್ಲಿ ಕ್ಲೂನಿಯ ಮಠವು ಸನ್ಯಾಸ ಜೀವನಕ್ಕೆ ಹೊಸ ಹುರುಪು ತರುತ್ತಿದ್ದ ಶತಮಾನವೇ ಅದು. ನಮ್ಮ ವಿದ್ಯಾರ್ಥಿಗಳು ಕ್ಲೂನಿಯನ್ನು ಪರೀಕ್ಷೆಗೆ ಓದುತ್ತಾರೆ, ಕಡೂರಿನ ಪಾಂಬಬ್ಬೆಯ ಹೆಸರನ್ನು ಕೇಳಿಯೂ ಇರುವುದಿಲ್ಲ.

ಪಾಂಬಬ್ಬೆಯ ತಮ್ಮ ಬೂತುಗನ ಸುದ್ದಿಯನ್ನು ಹೇಳುವ ಇನ್ನೊಂದು ಕಲ್ಲು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಅದು ಮಂಡ್ಯ ಜಿಲ್ಲೆಯ ಆತಕೂರಿನಿಂದ ತಂದದ್ದು. ತಕ್ಕೋಲದ ಕಾಳಗದಲ್ಲಿ ಚೋಳ ರಾಜಾದಿತ್ಯನನ್ನು ಬೂತುಗ ಕೊಂದದ್ದನ್ನೂ, ಆ ಯುದ್ಧದಲ್ಲಿ ಮೆಚ್ಚುಗೆ ಗಳಿಸಿದ ಮಣಲೇರನೆಂಬ ವೀರ ತನ್ನ ಒಡೆಯನಿಂದ ‘ಕಾಳಿ’ ಎಂಬ ನಾಯಿಯನ್ನು ಬೇಡಿ ಪಡೆದದ್ದನ್ನೂ, ಆ ನಾಯಿ ಹಂದಿಯೊಡನೆ ಹೋರಾಡಿ ಎರಡೂ ಸತ್ತದ್ದನ್ನೂ ಆ ಶಾಸನ ಹೇಳುತ್ತದೆ. ತಮ್ಮನ ಕಲ್ಲು ಗಾಜುಕಿಟಕಿಗಳ ಕೆಂಪು ಕಟ್ಟಡಕ್ಕೆ ಹೋಯಿತು, ಅಕ್ಕನ ಕಲ್ಲು ಕಡೂರಿನ ಬಿಸಿಲಿನಲ್ಲಿ ಬೆಳಕಿಗೆ ಬಂದಿತು. ಅದರೂ ಒಂದನ್ನು ಓದದೆ ಇನ್ನೊಂದು ಪೂರ್ತಿ ಅರ್ಥವಾಗದು. ಒಂದೇ ಮನೆಯಲ್ಲಿ ಕತ್ತಿ ಹಿಡಿದವನೂ ಇದ್ದ, ವ್ರತ ಹಿಡಿದವಳೂ ಇದ್ದಳು.

ಇನ್ನು ತರೀಕೆರೆಯ ಬಳಿಯ ಅಮೃತಾಪುರ. ಹೊಯ್ಸಳ ಇಮ್ಮಡಿ ಬಲ್ಲಾಳನ ದಂಡನಾಯಕ ಅಮೃತೇಶ್ವರನು 1196ರಲ್ಲಿ ಅಲ್ಲಿ ಕಟ್ಟಿಸಿದ ದೇವಾಲಯದ ಶಾಸನವನ್ನು ರಚಿಸಿದವನು ಕವಿ ಜನ್ನ. ಶಿವಾಲಯದ ಶಾಸನಕ್ಕೆ ಜೈನ ಕವಿಯ ಪದ್ಯ! ಸರ್ವಧರ್ಮ ಸಂವಾದವನ್ನು ಕುರಿತು ಪಾಠ ಮಾಡುವ ನಮಗೆ ಉದಾಹರಣೆ ಹುಡುಕಲು ದೂರ ಹೋಗಬೇಕಾಗಿಲ್ಲ.

2. ಕೇರ್ಲಿಯನ್ನಿನಿಂದ ಬ್ರಹ್ಮಗಿರಿಗೆ

1892ರಲ್ಲಿ ರೈಸ್ ಅವರು ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರಿನ ಕಡೆ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅಶೋಕನ ಶಾಸನಗಳನ್ನು ಕಂಡುಹಿಡಿದರು. ತಂದೆತಾಯಿಗಳ ಮಾತನ್ನು ಪಾಲಿಸುವುದು, ಪ್ರಾಣಿಗಳಲ್ಲಿ ದಯೆ, ಸತ್ಯವಚನ, ಶಿಷ್ಯನು ಗುರುವನ್ನು ಗೌರವಿಸುವುದು ಎಂಬ ನಾಲ್ಕು ನೀತಿಗಳನ್ನು ಇಸಿಲ ಎಂಬ ಊರಿನ ಮಹಾಮಾತ್ರರಿಗೆ ಕಳುಹಿಸಿದ ರಾಜಾಜ್ಞೆ ಅದು. ಅದನ್ನು ಬರೆದ ಚಪಡನೆಂಬ ಲಿಪಿಕಾರನು ಕೊನೆಯಲ್ಲಿ ವಾಯವ್ಯ ಭಾರತದ ಖರೋಷ್ಠಿ ಲಿಪಿಯಲ್ಲಿ ತನ್ನ ವೃತ್ತಿಯ ಹೆಸರನ್ನು ಕೆತ್ತಿದ್ದಾನೆ.

ಆ ಬೆಟ್ಟದ ಬುಡದಲ್ಲಿ 1947ರಲ್ಲಿ ವೈಜ್ಞಾನಿಕ ಉತ್ಖನನ ನಡೆಸಿದವರು ಭಾರತೀಯ ಪುರಾತತ್ತ್ವ ಸರ್ವೇಕ್ಷಣದ ಮಹಾನಿರ್ದೇಶಕ ಮಾರ್ಟಿಮರ್ ವೀಲರ್. ಅವರು ಆ ವಿದ್ಯೆಯಲ್ಲಿ ಪಳಗಿದ ನೆಲ ವೇಲ್ಸ್. 1920ರಲ್ಲಿ ಕಾರ್ಡಿಫಿನ ವೇಲ್ಸ್ ರಾಷ್ಟ್ರೀಯ ವಸ್ತುಸಂಗ್ರಹಾಲಯದ ಪುರಾತತ್ತ್ವ ವಿಭಾಗಕ್ಕೆ ಪಾಲಕರಾಗಿ ಹೋಗಿ, 1924ರಿಂದ 1926ರವರೆಗೆ ಅದರ ನಿರ್ದೇಶಕರಾಗಿದ್ದರು. 1907ರಲ್ಲಿ ರಾಜಸನದು ಪಡೆದ ಆ ಸಂಸ್ಥೆಗೆ ಆಗ ಪೂರ್ತಿಯಾದ ಕಟ್ಟಡವೂ ಇರಲಿಲ್ಲ. ವೀಲರ್ ಮತ್ತು ಅವರ ಪತ್ನಿ ಟೆಸ್ಸಾ ಸೆಗೊಂಟಿಯಂ, ಬ್ರೆಕನ್ ಗೇರ್, ಕೇರ್ಲಿಯನ್ ಎಂಬ ರೋಮನ್ ನೆಲೆಗಳನ್ನು ಅಗೆದರು. ಅಗೆದುದನ್ನು ವಿದ್ವಾಂಸರಿಗಷ್ಟೇ ಮೀಸಲಿಡದೆ ಜನಸಾಮಾನ್ಯರ ಮುಂದೆ ಇಟ್ಟು ವಿವರಿಸುವುದು ಪುರಾತತ್ತ್ವಜ್ಞನ ಕರ್ತವ್ಯವೆಂದು ವೀಲರ್ ಜೀವನಪೂರ್ತಿ ನಂಬಿದ್ದರು.

ಕೇರ್ಲಿಯನ್ನಿನ ಕಥೆ ನಮ್ಮ ವಿಚಾರಕ್ಕೆ ತೀರ ಹತ್ತಿರದ್ದು. ಅಲ್ಲಿ ಹುಲ್ಲು ಬೆಳೆದ ಒಂದು ದುಂಡನೆಯ ತಗ್ಗು ಇತ್ತು. ಜನರು ಅದನ್ನು ಆರ್ಥರ್ ರಾಜನ ದುಂಡು ಮೇಜು ಎಂದು ಕರೆಯುತ್ತಿದ್ದರು. 1926-27ರಲ್ಲಿ ಟೆಸ್ಸಾ ವೀಲರ್ ಅವರ ಮೇಲ್ವಿಚಾರಣೆಯಲ್ಲಿ ಅಗೆದಾಗ ಮೇಲೆ ಬಂದುದು ರೋಮನ್ ಸೈನಿಕರ ವರ್ತುಲ ರಂಗಮಂದಿರ. ದಂತಕಥೆಯ ಸೆಳೆತಕ್ಕೆ ಪತ್ರಿಕೆಯೊಂದು ಹಣ ಕೊಟ್ಟಿತ್ತು, ಸಲಿಕೆ ಮಾತ್ರ ನಿಜವನ್ನೇ ಕೊಟ್ಟಿತು. ನಮ್ಮ ನಾಡಿನಲ್ಲಿಯೂ ಬೃಹತ್ ಶಿಲಾಗೋರಿಗಳನ್ನು ಜನರು ‘ಪಾಂಡವರ ಗುಡಿ’, ‘ಮೋರಿಯರ ಮನೆ’ ಎಂದು ಕರೆಯುತ್ತಾರಷ್ಟೆ. ಇಂಥ ಹೆಸರುಗಳು ಹುಸಿಯೆಂದು ನಗುವಂಥವಲ್ಲ. ಅರ್ಥ ಮರೆತ ಕಲ್ಲನ್ನೂ ಜನರು ಅನಾಥವಾಗಿ ಬಿಡಲಿಲ್ಲ, ತಮಗೆ ತಿಳಿದ ದೊಡ್ಡ ಕಥೆಯ ಮಡಿಲಿಗೆ ಹಾಕಿದರು ಎಂಬುದಕ್ಕೆ ಅವು ಸಾಕ್ಷಿ. ಆದರೆ ಆ ಹೆಸರನ್ನೇ ಇತಿಹಾಸವೆಂದು ಬೋಧಿಸುವವನು ಮಕ್ಕಳ ಪ್ರಶ್ನೆಗೆ ನಡೆದುದನ್ನು ನಡೆದಂತೆ ಹೇಳಿದಂತಾಗುವುದಿಲ್ಲ.

ಬ್ರಹ್ಮಗಿರಿಯಲ್ಲಿ ವೀಲರ್ ಮೂರು ಸಂಸ್ಕೃತಿಗಳ ಪದರಗಳನ್ನು ಗುರುತಿಸಿದರು: ಕೆಳಗೆ ಕಲ್ಲುಕೊಡಲಿಯ ಜನ, ಅವರ ಮೇಲೆ ಬೃಹತ್ ಶಿಲಾಗೋರಿಗಳ ಜನ, ಅದರ ಮೇಲೆ ಶಾತವಾಹನ ಕಾಲದ ಜನ. ಕಾಲವನ್ನು ಅಳೆಯಲು ಅವರಿಗಿದ್ದ ಕೋಲು ರೋಮನ್ ವಸ್ತುಗಳು. 1945ರಲ್ಲಿ ಪುದುಚೇರಿಯ ಬಳಿಯ ಅರಿಕಮೇಡಿನಲ್ಲಿ ಇಟಲಿಯ ಮಡಕೆಗಳೊಡನೆ ಸಿಕ್ಕಿದ್ದ ವಿಶಿಷ್ಟ ಗೆರೆಗಳ ಮಡಕೆಯೇ ಬ್ರಹ್ಮಗಿರಿಯ ಮೇಲಿನ ಪದರದಲ್ಲಿಯೂ ದೊರೆಯಿತು. ಇಟಲಿಯ ಮಡಕೆಯ ಕಾಲ ಗೊತ್ತು. ಆದುದರಿಂದ ಅದರ ಜೊತೆಗಾರ ಮಡಕೆಯ ಕಾಲವೂ, ಅದು ಸಿಕ್ಕ ಪದರದ ಕಾಲವೂ ತಿಳಿಯುತ್ತದೆ ಎಂಬುದು ಅವರ ತರ್ಕ. ಹೀಗೆ ಶಾತವಾಹನ ಪದರವನ್ನು ಕ್ರಿ.ಶ. ಒಂದನೆಯ ಶತಮಾನದ ನಡುವಿನಿಂದಲೂ, ಅದರ ಕೆಳಗಿನ ಗೋರಿಗಳನ್ನು ಕ್ರಿ.ಪೂ. ಸುಮಾರು 200ರಿಂದಲೂ ಅವರು ಲೆಕ್ಕ ಹಾಕಿದರು.

ಇವುಗಳಲ್ಲಿ ಎರಡನೆಯ ಲೆಕ್ಕ ನಿಲ್ಲಲಿಲ್ಲ. 1965ರಲ್ಲಿ ಎಂ. ಎಸ್. ನಾಗರಾಜರಾವ್ ಅವರು ತುಂಗಭದ್ರೆಯ ದಡದ ಹಳ್ಳೂರಿನಲ್ಲಿ ನಡೆಸಿದ ಉತ್ಖನನ ಮತ್ತು ಅಲ್ಲಿಯ ಇದ್ದಿಲಿನ ಕಾಲಮಾಪನವು ಈ ನಾಡಿನಲ್ಲಿ ಕಬ್ಬಿಣದ ಬಳಕೆಯನ್ನು ಕ್ರಿ.ಪೂ. ಸುಮಾರು 1000ದವರೆಗೆ ಹಿಂದಕ್ಕೆ ಒಯ್ದಿತು. ಜಗತ್ಪ್ರಸಿದ್ಧ ವಿದ್ವಾಂಸನ ಕಾಲಗಣನೆಯನ್ನು ಕನ್ನಡ ನೆಲದ ಒಂದು ಹಿಡಿ ಇದ್ದಿಲು ತಿದ್ದಿತು. ವೀಲರ್ ಅವರ ಪದರಗಳ ಕ್ರಮ ಮಾತ್ರ ಇಂದಿಗೂ ಪಾಠವಾಗಿ ಉಳಿದಿದೆ. ಯಾವುದು ಉಳಿಯುವಂಥದು, ಯಾವುದು ತಿದ್ದುಪಡಿಗೆ ಒಳಗಾಗುವಂಥದು ಎಂಬ ವಿವೇಕವನ್ನು ದೈವಶಾಸ್ತ್ರದ ವಿದ್ಯಾರ್ಥಿಯೂ ಇಲ್ಲಿ ಕಲಿಯಬಹುದು.

3. ತಿಬೇರಿಯಸನ ನಾಣ್ಯ

ಚಿತ್ರದುರ್ಗದ ಊರಿಗೆ ಹೊಂದಿಕೊಂಡಿರುವ ಚಂದ್ರವಳ್ಳಿಯ ಕಣಿವೆಯನ್ನು 1929ರಲ್ಲಿ ಮೈಸೂರು ಪುರಾತತ್ತ್ವ ಇಲಾಖೆಯ ಎಂ. ಎಚ್. ಕೃಷ್ಣ ಅವರೂ, 1947ರಲ್ಲಿ ವೀಲರ್ ಅವರೂ ಅಗೆದರು. ಕೆರೆಯನ್ನು ಕಟ್ಟಿಸಿದ ಕದಂಬ ಮಯೂರಶರ್ಮನ ಬಂಡೆಶಾಸನ ಅಲ್ಲಿದೆ. ಶಾತವಾಹನರ ಸೀಸದ ನಾಣ್ಯಗಳೊಡನೆ ಅಲ್ಲಿ ರೋಮಿನ ಅಗಸ್ಟಸ್ ಮತ್ತು ತಿಬೇರಿಯಸ್ ಚಕ್ರವರ್ತಿಗಳ ಬೆಳ್ಳಿಯ ದಿನಾರಿಗಳೂ ದೊರೆತಿವೆ. 1891ರಲ್ಲಿ ಬೆಂಗಳೂರಿನ ಯಶವಂತಪುರದ ಬಳಿ ರೈಲುಹಾದಿಯ ಕೆಲಸದಲ್ಲಿ ಸಿಕ್ಕ ನಿಧಿಯಲ್ಲಿಯೂ ಇದೇ ಚಕ್ರವರ್ತಿಗಳ ಬೆಳ್ಳಿ ನಾಣ್ಯಗಳಿದ್ದವು.

ಗುರು ಅಭ್ಯರ್ಥಿಗೆ ಈ ನಾಣ್ಯ ಬರಿಯ ಲೋಹವಲ್ಲ. ಮಾರ್ಕನ ಶುಭಸಂದೇಶದ ಹನ್ನೆರಡನೆಯ ಅಧ್ಯಾಯದಲ್ಲಿ ಕಂದಾಯದ ವಿಷಯವಾಗಿ ಪ್ರಭುವನ್ನು ಮಾತಿನಲ್ಲಿ ಸಿಕ್ಕಿಸಲು ಬಂದವರಿಂದ ಅವರು ಕೇಳಿ ಪಡೆದದ್ದು ಒಂದು ದಿನಾರಿ. ಅದು ತಿಬೇರಿಯಸನ ನಾಣ್ಯವಾಗಿರಬೇಕೆಂದು ವ್ಯಾಖ್ಯಾನಕಾರರು ಬಹುಮಟ್ಟಿಗೆ ಒಪ್ಪುತ್ತಾರೆ. ಅದರ ಒಂದು ಮುಖದಲ್ಲಿ ಚಕ್ರವರ್ತಿಯ ತಲೆ, ಸುತ್ತಲೂ ಅವನನ್ನು ದೈವತ್ವಕ್ಕೇರಿದ ಅಗಸ್ಟಸನ ಮಗನೆಂದು ಸಾರುವ ಅಕ್ಷರಗಳು. ಇನ್ನೊಂದು ಮುಖದಲ್ಲಿ ಪ್ರಧಾನ ಅರ್ಚಕನೆಂಬ ಬಿರುದು ಮತ್ತು ಕುಳಿತ ಒಬ್ಬ ಸ್ತ್ರೀ. ದೇವರ ಮಗನೆಂದು ಕರೆಸಿಕೊಂಡ ಚಕ್ರವರ್ತಿಯ ನಾಣ್ಯವನ್ನು, ನಿಜವಾದ ದೇವಪುತ್ರನು ತನ್ನ ಬಳಿ ಇಲ್ಲದ್ದರಿಂದ ಇನ್ನೊಬ್ಬರಿಂದ ಕೇಳಿ ಪಡೆಯುತ್ತಾನೆ. ಈ ವ್ಯಂಗ್ಯವನ್ನು ನಾಣ್ಯವನ್ನು ಕಣ್ಣಾರೆ ಕಂಡವನು ಮರೆಯಲಾರ. ಭಾರತದಲ್ಲಿ ದೊರೆಯುವ ರೋಮನ್ ಬೆಳ್ಳಿ ನಾಣ್ಯಗಳಲ್ಲಿ ಈ ಬಗೆಯದು ಬಹಳ ಸಾಮಾನ್ಯ. ಭಾರತದ ಸರಕುಗಳಿಗಾಗಿ ವರ್ಷಕ್ಕೆ 5 ಕೋಟಿ ಸೆಸ್ಟರ್ಸ್ ಸಾಮ್ರಾಜ್ಯದಿಂದ ಹರಿದುಹೋಗುತ್ತಿದೆ ಎಂದು ಹಿರಿಯ ಪ್ಲಿನಿ ಗೊಣಗಿದ್ದು ಈ ಬೆಳ್ಳಿಬಂಗಾರವನ್ನು ಕಂಡೇ.

ಇಲ್ಲಿಯೇ ಒಂದು ಬಲೆ ಇದೆ. ತಿಬೇರಿಯಸನ ನಾಣ್ಯ ಚಂದ್ರವಳ್ಳಿಗೆ ಬಂದಿತ್ತು, ಆದುದರಿಂದ ಶುಭಸಂದೇಶವೂ ಆಗಲೇ ಬಂದಿರಬೇಕು ಎಂದು ಹೇಳುವ ಆಸೆ ಧರ್ಮೋಪದೇಶಕನಿಗೆ ಸುಲಭವಾಗಿ ಹುಟ್ಟುತ್ತದೆ. ನಾಣ್ಯವು ವ್ಯಾಪಾರದ ಸಾಕ್ಷಿ, ಅಷ್ಟೇ. ಯೇಸುಸ್ವಾಮಿ ಗಲಿಲೇಯದಲ್ಲಿ ನಡೆದಾಡುತ್ತಿದ್ದ ದಿನಗಳಲ್ಲಿ ಕನ್ನಡ ನಾಡಿನ ಕಣಿವೆಯೊಂದು ಅದೇ ಲೋಕದ ಸಂತೆಗೆ ಸೇರಿತ್ತು ಎಂಬುದನ್ನು ಅದು ಖಚಿತವಾಗಿ ಹೇಳುತ್ತದೆ. ದೇವರ ವಾಕ್ಯವು ಮನುಷ್ಯನಾದ ಕಾಲವು ನಮ್ಮ ನೆಲಕ್ಕೂ ಒಂದು ನಿಜವಾದ ಕಾಲವೇ ಆಗಿತ್ತು ಎಂದು ತಿಳಿಯಲು ಅಷ್ಟು ಸಾಕು. ಅದಕ್ಕೆ ಇನ್ನೊಂದು ಎಳೆ ಸೇರಿಸಿದರೆ ವಿಶ್ವಾಸ ಬಲಗೊಳ್ಳುವುದಿಲ್ಲ, ನಮ್ಮ ಮಾತಿನ ಮೇಲಿನ ನಂಬಿಕೆ ಮಾತ್ರ ಸಡಿಲವಾಗುತ್ತದೆ.

4. ವೇಲ್ಸ್ ಕಲಿಸುವ ಪಾಠ

ವೇಲ್ಸ್ ನಾಡಿನ ಕ್ರೈಸ್ತರಿಗೂ ಇದೇ ಶೋಧನೆ ಇತ್ತು. ಆರನೆಯ ಶತಮಾನದ ಗಿಲ್ಡಾಸ್ ಎಂಬ ಸನ್ಯಾಸಿ ‘ದಂಡುಗಳ ನಗರ’ದ ಜೂಲಿಯಸ್ ಮತ್ತು ಆರೋನ್ ಎಂಬ ರಕ್ತಸಾಕ್ಷಿಗಳನ್ನು ಹೆಸರಿಸುತ್ತಾನೆ. ಆ ನಗರ ಕೇರ್ಲಿಯನ್ ಎಂಬುದು ಬಹುಕಾಲದ ಸಂಪ್ರದಾಯ. ಅಲ್ಲಿ ವರ್ತುಲ ರಂಗಮಂದಿರ ಸಿಕ್ಕಾಗ ಇಲ್ಲಿಯೇ ಅವರ ರಕ್ತ ಚೆಲ್ಲಿತೆಂದು ಫಲಕ ನೆಡುವುದು ಎಷ್ಟು ಸುಲಭವಾಗಿತ್ತು! ಉತ್ಖನನಕಾರರು ಹಾಗೆ ಹೇಳಲಿಲ್ಲ, ಏಕೆಂದರೆ ಮಣ್ಣು ಹಾಗೆ ಹೇಳಲಿಲ್ಲ. ರಕ್ತಸಾಕ್ಷಿಗಳ ಗೌರವ ಅದರಿಂದ ಕುಂದಲೂ ಇಲ್ಲ. ಅದು ಧರ್ಮಸಭೆಯ ಸ್ಮರಣೆಯಲ್ಲಿ ನಿಂತಿದೆ, ಕಟ್ಟಡದ ಗುರುತಿನಲ್ಲಿ ಅಲ್ಲ.

ವೇಲ್ಸಿನ ನಿಜವಾದ ಕ್ರೈಸ್ತ ಸಂಪತ್ತು ಇರುವುದು ಒರಟು ಕಲ್ಲುಗಳಲ್ಲಿ. ಐದು, ಆರನೆಯ ಶತಮಾನಗಳ ಸಮಾಧಿಗಲ್ಲುಗಳ ಮೇಲೆ ಲತೀನ್ ಅಕ್ಷರಗಳೂ, ಕೆಲವೆಡೆ ಕಲ್ಲಿನ ಅಂಚಿನಲ್ಲಿ ಗೀಟುಗಳಂತೆ ಕಾಣುವ ಐರಿಷ್ ಓಗಮ್ ಲಿಪಿಯೂ ಇವೆ. ಪೆನ್‌ಮಾಖ್ನೊ ಎಂಬ ಹಳ್ಳಿಯ ಕಲ್ಲೊಂದರಲ್ಲಿ ಕ್ರಿಸ್ತನ ಹೆಸರಿನ ಮೊದಲೆರಡು ಗ್ರೀಕ್ ಅಕ್ಷರಗಳ ಚಿಹ್ನೆಯ ಕೆಳಗೆ, ಕರಾಸಿಯಸ್ ಎಂಬಾತ ಈ ಕಲ್ಲುರಾಶಿಯಲ್ಲಿ ಮಲಗಿದ್ದಾನೆಂದು ತಪ್ಪುತಪ್ಪು ಲತೀನಿನಲ್ಲಿ ಬರೆದಿದೆ. ಕಲ್ಲುರಾಶಿಯ ಕೆಳಗೆ ಹೂಳುವುದು ಕ್ರೈಸ್ತ ಧರ್ಮ ಬರುವುದಕ್ಕಿಂತ ಹಳೆಯ ಪದ್ಧತಿ. ಹೊಸ ವಿಶ್ವಾಸವು ಹಳೆಯ ಮಣ್ಣಿನ ಪದ್ಧತಿಯೊಳಗೇ ತನ್ನ ಗುರುತನ್ನು ಕೆತ್ತಿತು. ನಮ್ಮ ಹಾಸನ ಜಿಲ್ಲೆಯ ಹಲ್ಮಿಡಿಯಲ್ಲಿ ಯಾರೋ ಒಬ್ಬ ಕಲ್ಲುಕುಟಿಗ ಕನ್ನಡದ 16 ಸಾಲುಗಳನ್ನು ಕೆತ್ತಿದ್ದು ಸುಮಾರಾಗಿ ಇದೇ ಕಾಲದಲ್ಲಿ, ಕ್ರಿ.ಶ. 450ರ ಸುಮಾರಿಗೆ. 1936ರಲ್ಲಿ ಅದನ್ನು ಬೆಳಕಿಗೆ ತಂದವರು ಚಂದ್ರವಳ್ಳಿಯನ್ನು ಅಗೆದ ಅದೇ ಕೃಷ್ಣ ಅವರು.

ವೇಲ್ಸ್ ವಸ್ತುಸಂಗ್ರಹಾಲಯದ ಪಾಲಕರಾಗಿದ್ದ ನ್ಯಾಶ್-ವಿಲಿಯಮ್ಸ್ ಆ ಕ್ರೈಸ್ತ ಕಲ್ಲುಗಳನ್ನೆಲ್ಲ ಎಣಿಸಿ, ಅಳೆದು, ಚಿತ್ರಿಸಿ 1950ರಲ್ಲಿ ದೊಡ್ಡ ಗ್ರಂಥವಾಗಿ ಪ್ರಕಟಿಸಿದರು. ಕಲ್ಲುಗಳಲ್ಲಿ ಹಲವು ಇಂದಿಗೂ ಹಳ್ಳಿಯ ದೇವಾಲಯಗಳಲ್ಲಿಯೇ ಇವೆ. ಲಾಂಟ್ವಿಟ್ ಮೇಜರ್ ಎಂಬಲ್ಲಿ ಸಂತ ಇಲ್ತುದನ ದೇವಾಲಯದ ಒಳಗೇ ಅವುಗಳಿಗೆ ಜಾಗ ಮಾಡಿದ್ದಾರೆ. ಇನ್ನು ಕಾರ್ಡಿಫಿನ ಹೊರವಲಯದಲ್ಲಿ 1948ರಲ್ಲಿ ತೆರೆದ ಸೇಂಟ್ ಫೇಗನ್ಸ್ ಬಯಲು ವಸ್ತುಸಂಗ್ರಹಾಲಯಕ್ಕೆ ಸಂತ ತೈಲೊ ಅವರ ಹಾಳುಬಿದ್ದ ಮಧ್ಯಯುಗದ ದೇವಾಲಯವನ್ನು ಕಲ್ಲು ಕಲ್ಲಾಗಿ ಬಿಚ್ಚಿ ತಂದು, ಸುಮಾರು 1530ರಲ್ಲಿ ಇದ್ದಿರಬಹುದಾದ ರೂಪದಲ್ಲಿ ಮತ್ತೆ ಕಟ್ಟಿ 2007ರಲ್ಲಿ ತೆರೆದರು. ಸುಣ್ಣದ ಪದರಗಳ ಕೆಳಗೆ ಅಡಗಿದ್ದ ಭಿತ್ತಿಚಿತ್ರಗಳನ್ನು ಆಧರಿಸಿ ಗೋಡೆಗಳಿಗೆ ಮತ್ತೆ ಬಣ್ಣ ತುಂಬಿದರು. ಬಿಟ್ಟುಹೋದ ದೇವಾಲಯವೊಂದು ಈ ರೀತಿಯಲ್ಲಿ ಮತ್ತೆ ಮಾತನಾಡತೊಡಗಿತು. ಹಾಸನದ ಬಳಿ ಹೇಮಾವತಿಯ ನೀರಿನಲ್ಲಿ ವರ್ಷವರ್ಷವೂ ಮುಳುಗಿ ಏಳುವ ಶೆಟ್ಟಿಹಳ್ಳಿಯ ಜಪಸರ ಮಾತೆಯ ದೇವಾಲಯವನ್ನು ಬಲ್ಲ ನಮಗೆ ಈ ಸುದ್ದಿ ಸ್ವಲ್ಪ ನೋವನ್ನೂ ತರುತ್ತದೆ.

5. ಉಪನ್ಯಾಸ ಮಾಡಿದ ಗುರುಗಳು

ಇದು ಪರದೇಶದ ಮಾದರಿ, ನಮ್ಮ ಗುರುಗಳಿಗೆ ಇದರ ಗೊಡವೆ ಏಕೆ ಎನ್ನುವವರಿಗೆ ಬೆಂಗಳೂರಿನ ನೃಪತುಂಗ ರಸ್ತೆಯ ಮಿಥಿಕ್ ಸೊಸೈಟಿಯೇ ಉತ್ತರ. 1909ರಲ್ಲಿ ಸ್ಥಾಪನೆಯಾದ ಈ ಸಂಸ್ಥೆಯ ಸ್ಥಾಪಕರಲ್ಲಿ ಒಬ್ಬರೂ, ದೀರ್ಘಕಾಲ ಅದರ ಅಧ್ಯಕ್ಷರೂ ಆಗಿದ್ದವರು ಪ್ಯಾರಿಸ್ ವಿದೇಶೀ ಮಿಷನ್ ಸಂಸ್ಥೆಯ ಗುರು ಫಾದರ್ ಎ. ಎಂ. ಟಬಾರ್ಡ್. ಇತಿಹಾಸ, ಪುರಾತತ್ತ್ವ, ಜನಾಂಗ, ಧರ್ಮ ಇವುಗಳ ಬಗ್ಗೆ ಉಪನ್ಯಾಸಗಳನ್ನು ಏರ್ಪಡಿಸುವುದು, ಅವುಗಳನ್ನು ತ್ರೈಮಾಸಿಕದಲ್ಲಿ ಅಚ್ಚು ಮಾಡುವುದು ಸಂಸ್ಥೆಯ ಕೆಲಸ. ಶ್ರವಣಬೆಳಗೊಳವನ್ನು ಕುರಿತು ಸ್ವತಃ ಟಬಾರ್ಡ್ ಅವರೇ ಬರೆದರು. ಕಥೋಲಿಕ ಗುರು, ಬ್ರಿಟಿಷ್ ಅಧಿಕಾರಿ, ಸಂಸ್ಥಾನದ ಸಂಸ್ಕೃತ ಪಂಡಿತ ಒಂದೇ ಸಭೆಯಲ್ಲಿ ಕುಳಿತು ಒಂದೇ ಕಲ್ಲಿನ ಬಗ್ಗೆ ವಾದಿಸುವುದು ಆ ಕಾಲದಲ್ಲಿ ಸಣ್ಣ ಮಾತಲ್ಲ. ಸರ್ವಧರ್ಮಗಳ ವಿಷಯದಲ್ಲಿ ಧರ್ಮಸಭೆಯ ಘೋಷಣೆ ‘ನೋಸ್ತ್ರ ಏತಾತೆ’ ಬಂದದ್ದು 1965ರಲ್ಲಿ, ಅಂದರೆ ಇದಾದ ಅರ್ಧ ಶತಮಾನಕ್ಕೂ ಹೆಚ್ಚು ಕಾಲದ ಮೇಲೆ.

ಮುಂಬಯಿಯ ಸಂತ ಝೇವಿಯರ್ ಕಾಲೇಜಿನಲ್ಲಿ 1926ರಲ್ಲಿ ಇತಿಹಾಸ ಸಂಶೋಧನ ಸಂಸ್ಥೆಯನ್ನು ಕಟ್ಟಿದ ಯೇಸುಸಭೆಯ ಫಾದರ್ ಹೆನ್ರಿ ಹೇರಾಸ್ ವಿಜಯನಗರದ ಇತಿಹಾಸಕ್ಕೆ ಸಲ್ಲಿಸಿದ ಸೇವೆ ದೊಡ್ಡದು. ಅದೇ ಹೇರಾಸ್ ಸಿಂಧೂ ಮುದ್ರೆಗಳನ್ನು ಓದಿಬಿಟ್ಟೆನೆಂದು ನಂಬಿ ಇಡೀ ಗ್ರಂಥವನ್ನೇ ಬರೆದರು. ವಿದ್ವಾಂಸರು ಆ ಓದನ್ನು ಒಪ್ಪಲಿಲ್ಲ. ಎಷ್ಟು ಓದಿದ ಗುರುವಿಗೂ ಕಲ್ಲು ತನ್ನಷ್ಟಕ್ಕೆ ಮೌನವಾಗಿದ್ದಾಗ ತಾನೇ ಅದರ ಬಾಯಾಗುವ ಆಸೆ ಬರಬಹುದು. ಇಬ್ಬರಿಂದಲೂ ಕಲಿಯುವುದಿದೆ: ಒಬ್ಬರಿಂದ ಸಭೆಯನ್ನು ಕೂಡಿಸುವ ಔದಾರ್ಯ, ಇನ್ನೊಬ್ಬರಿಂದ ದುಡಿಮೆ ಮತ್ತು ಎಚ್ಚರ ಎರಡೂ.

6. ಒಂದು ತಪ್ಪೊಪ್ಪಿಗೆ

ಇಷ್ಟೆಲ್ಲ ಬರೆದ ಮೇಲೆ ನಮ್ಮ ಕೈಯ ಕೊಳೆಯನ್ನು ಮುಚ್ಚಿಡುವುದು ಸರಿಯಲ್ಲ. ಗುರುದೀಕ್ಷೆಯ ಮೊದಲ ವರ್ಷಗಳಲ್ಲಿ ನಾವು ಸೇವೆ ಸಲ್ಲಿಸುತ್ತಿದ್ದ ಬಯಲುಸೀಮೆಯ ಒಂದು ಉಪಕೇಂದ್ರದಲ್ಲಿ ಸುತ್ತುಗೋಡೆ ಕಟ್ಟಿಸುತ್ತಿದ್ದೆವು. ಅಡಿಪಾಯ ತೋಡುವಾಗ ಒಂದು ಚಪ್ಪಡಿ ಮೇಲೆ ಬಂತು. “ಸ್ವಾಮೇರಾ, ಇದ್ರಲ್ಲಿ ಏನೋ ಬರ್ದಂಗೈತೆ, ಏನ್ ಮಾಡಾಣ?” ಎಂದು ಗಾರೆಯವರು ಕೇಳಿದರು. ಸಂಜೆಯೊಳಗೆ ಪಾಯ ಮುಗಿಯಬೇಕಿತ್ತು. ಗಟ್ಟಿ ಕಲ್ಲು, ಹಾಕಿಬಿಡಿ ಎಂದೆವು. ಅವರು ಅದನ್ನು ಎರಡಾಗಿ ಒಡೆದು ಹಾಕಿದರು. ವಾರದ ಮೇಲೆ ಪಕ್ಕದ ಹೊಲದ ಹಿರಿಯರೊಬ್ಬರು ಬಂದು, ತಮ್ಮ ತಾತ ಯುಗಾದಿಗೆ ಪೂಜೆ ಮಾಡುತ್ತಿದ್ದ ಕಲ್ಲು ಆ ಕಡೆಯೇ ಎಲ್ಲೋ ಹೂತುಹೋಗಿತ್ತು, ನಿಮ್ಮ ಆಳುಗಳಿಗೆ ಸಿಕ್ಕಿತೇ ಎಂದು ಕೇಳಿದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದರೆ ನಮಗೆ ಸುಲಭವಾಗುತ್ತಿತ್ತು.

ಕೇಳಿದವರೂ ಇದ್ದರು, ಕಲ್ಲೂ ಇತ್ತು. ಉತ್ತರ ಹೇಳಬೇಕಾದವರೇ ಕಲ್ಲನ್ನು ಒಡೆಸಿದ್ದೆವು. ಅದರಲ್ಲಿ ಬರೆದದ್ದೇನೆಂದು ಇನ್ನು ಯಾರೂ ಓದುವಂತಿಲ್ಲ. ದೇವಾಲಯಕ್ಕೆ ಕಾವಲಾಗಲೆಂದು ಕಟ್ಟಿದ ಗೋಡೆ ಒಬ್ಬ ನೆರೆಯವನ ಹಿರಿಯರ ನೆನಪಿನ ಮೇಲೆ ನಿಂತಿದೆ. ನೆರೆಯವನನ್ನು ಪ್ರೀತಿಸಬೇಕೆಂಬ ಆಜ್ಞೆಯಲ್ಲಿ ಅವನ ನೆನಪೂ ಸೇರುತ್ತದೆಂದು ನಾವು ಪುಸ್ತಕದಿಂದ ಕಲಿಯಲಿಲ್ಲ, ಆ ಗೋಡೆಯಿಂದ ಕಲಿತೆವು.

7. ಹಾಗಾದರೆ ಗುರುವಿನ ಕೆಲಸವೇನು?

ಧರ್ಮಸಭೆಯ ಸಾಂಸ್ಕೃತಿಕ ಸಂಪತ್ತಿಗಾಗಿ ಇದ್ದ ರೋಮಿನ ಆಯೋಗವು 1997ರಲ್ಲಿ ದಾಖಲೆಗಾರಗಳ ಬಗ್ಗೆ, 1999ರಲ್ಲಿ ವಸ್ತುಗಳ ಪಟ್ಟಿ ಮಾಡುವುದರ ಬಗ್ಗೆ, 2001ರ ಆಗಸ್ಟ್ 15ರಂದು ಧರ್ಮಸಭೆಯ ವಸ್ತುಸಂಗ್ರಹಾಲಯಗಳ ಬಗ್ಗೆ ಸುತ್ತೋಲೆಗಳನ್ನು ಹೊರಡಿಸಿತು. ವಸ್ತುಸಂಗ್ರಹಾಲಯವು ಹಳೆಯ ಸಾಮಾನುಗಳ ಕೋಣೆಯಲ್ಲ, ಪಾಲನಾ ಸೇವೆಯ ಒಂದು ಅಂಗ ಎಂಬುದು ಕೊನೆಯದರ ಸಾರ. ಇದನ್ನು ನಮ್ಮ ಧರ್ಮಕೇಂದ್ರಗಳಿಗೆ ಅನ್ವಯಿಸುವುದಾದರೆ ಮೊದಲ ಹೆಜ್ಜೆಗಳು ಸರಳವಾದವು.

ಮೊದಲನೆಯದಾಗಿ, ನಮ್ಮ ಮನೆಯನ್ನು ನಾವು ನೋಡಿಕೊಳ್ಳಬೇಕು. ಹಳೆಯ ಜ್ಞಾನಸ್ನಾನದ ದಫ್ತರ, ಗಂಟೆಯ ಮೇಲಿನ ಇಸವಿ, ಸಮಾಧಿ ಭೂಮಿಯ ಮಾಸಿದ ಕಲ್ಲು, ಮೂಲೆಗೆ ಸೇರಿದ ಮರದ ಸ್ವರೂಪ ಇವನ್ನೆಲ್ಲ ಒಂದು ಪುಸ್ತಕದಲ್ಲಿ ಬರೆದು, ಚಿತ್ರ ತೆಗೆದು ಇಡುವುದಕ್ಕೆ ದೊಡ್ಡ ಹಣ ಬೇಕಾಗಿಲ್ಲ. ಎರಡನೆಯದಾಗಿ, ನೆಲ ಅಗೆಯುವಾಗ ಅಕ್ಷರವೋ ಶಿಲ್ಪವೋ ನಾಣ್ಯವೋ ಕಂಡರೆ ಕೆಲಸವನ್ನು ನಿಲ್ಲಿಸಿ, ಇದ್ದಲ್ಲಿಯೇ ಬಿಟ್ಟು, ಕಂದಾಯ ಇಲಾಖೆಗೂ ಪುರಾತತ್ತ್ವ ಇಲಾಖೆಗೂ ತಿಳಿಸಬೇಕು. ನಿಧಿಯನ್ನು ಸರ್ಕಾರಕ್ಕೆ ತಿಳಿಸುವುದು 1878ರ ಕಾಯ್ದೆಯ ಕಾಲದಿಂದಲೂ ಕಾನೂನೇ ಆಗಿದೆ. ಮೂರನೆಯದಾಗಿ, ಊರಿನ ಶಾಲೆಯ ಮೇಷ್ಟ್ರನ್ನೋ ಇತಿಹಾಸ ಬಲ್ಲವರನ್ನೋ ಕರೆದು, ವರ್ಷಕ್ಕೊಮ್ಮೆಯಾದರೂ ಊರಿನ ಕಲ್ಲುಗಳ ಬಗ್ಗೆ ಎಲ್ಲ ಧರ್ಮದವರೂ ಕೂಡಿ ಕೇಳುವಂಥ ಒಂದು ಮಾತುಕತೆಯನ್ನು ಏರ್ಪಡಿಸಬಹುದು. ಅಲ್ಲಿ ಗುರುವು ಮುಖ್ಯ ಭಾಷಣಕಾರನಾಗಬೇಕಾಗಿಲ್ಲ. ಚಾಪೆ ಹಾಸುವವನಾದರೂ ಸಾಕು.

ಈ ಎಲ್ಲದರಲ್ಲಿಯೂ ನಮಗೆ ಮಾದರಿ ಸಂತ ಪೌಲರು. ಪ್ರೇಷಿತರ ಕಾರ್ಯಕಲಾಪಗಳ ಹದಿನೇಳನೆಯ ಅಧ್ಯಾಯದಲ್ಲಿ ಅವರು ಅಥೆನ್ಸಿನ ಬೀದಿಗಳಲ್ಲಿ ನಡೆದು, ಜನರ ಪೂಜಾಸ್ಥಾನಗಳನ್ನು ಗಮನಿಸಿ ನೋಡಿ, ಬಲಿಪೀಠವೊಂದರ ಮೇಲಿನ ಬರಹವನ್ನು ಓದುತ್ತಾರೆ. ಆಮೇಲೆ ಬಾಯಿ ತೆರೆಯುತ್ತಾರೆ. ಓದುವುದು ಮೊದಲು, ಮಾತು ಅನಂತರ. ಆ ಬಲಿಪೀಠ ಕ್ರೈಸ್ತರದು ಎಂದು ಅವರು ಹೇಳಲಿಲ್ಲ, ಅದನ್ನು ಕೆಡವಿರೆಂದೂ ಹೇಳಲಿಲ್ಲ. ಇದ್ದುದನ್ನು ಇದ್ದಂತೆ ಓದಿ, ತಮಗೆ ತಿಳಿದ ಸತ್ಯವನ್ನು ಅದರ ಪಕ್ಕದಲ್ಲಿ ನಿಂತು ಸಾರಿದರು.

ಚೌಳಹಿರಿಯೂರಿನ ಹಾದಿಯಲ್ಲಿ ಪ್ರಶ್ನೆ ಕೇಳಿದ ಆ ವಿದ್ಯಾರ್ಥಿಗೆ ಈಗ ಇಷ್ಟನ್ನು ಹೇಳಬಲ್ಲೆವು: ಕೆಲಸವಿದೆ. ಆ ಕಲ್ಲನ್ನು ಪೂಜಿಸುವುದು ನಮ್ಮ ಕೆಲಸವಲ್ಲ, ಅದನ್ನು ನಮ್ಮದೆನ್ನುವುದೂ ಅಲ್ಲ. ಅದರ ಮುಂದೆ ನಿಂತು, ಓದಲು ಬಲ್ಲವರಿಂದ ಓದಿಸಿ, ಊರಿನ ಮಗು ಬಂದು ಇದೇನೆಂದು ಕೇಳುವ ದಿನದವರೆಗೆ ಅದು ಒಡೆಯದಂತೆ ನೋಡಿಕೊಳ್ಳುವುದು ನಮ್ಮ ಕೆಲಸ. ಮುಂದಿನ ಬಾರಿ ಆ ಕಡೆಗೆ ಹೋದಾಗ ಒಂದು ಟೇಪು, ಒಂದು ನೋಟ್‌ಪುಸ್ತಕ ತೆಗೆದುಕೊಂಡು ಹೋಗೋಣ.